ಸಮ್ಮಿತಿ ಕಾಯುವ ಮ್ಯಾಪ್‌ಗಳ ಡಿಗ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಟೊಪಾಲಜಿಯ (ಎಳೆದರೂ ಬಗ್ಗಿಸಿದರೂ ಉಳಿಯುವ ಗುಣಗಳ ಗಣಿತದ) ಡಿಗ್ರಿ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವು ಪಾಠ ಮುಗಿದ ಮೇಲೆ, ಕೆಲವು ಪತ್ರದಲ್ಲಿ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬರವಣಿಗೆ ಉದ್ದಕ್ಕೂ ‘ಫ’ ಅಂದರೆ ಮ್ಯಾಪ್ (ಪ್ರತಿ ಬಿಂದುವನ್ನೂ ಒಂದು ಬಿಂದುವಿಗೆ ಕಳಿಸುವ ನಿಯಮ), ‘ಯ’ ಅಂದರೆ ವಾಸ್ತವ ಸಂಖ್ಯೆ ಇಲ್ಲವೇ ಒಂದು ಬಿಂದು, ‘ಜ’ ಅಂದರೆ ಕಾಂಪ್ಲೆಕ್ಸ್ ಸಂಖ್ಯೆ, ‘ತ’ ಅಂದರೆ ನಾವು ನಿಧಾನವಾಗಿ ಬದಲಿಸುವ ಪ್ಯಾರಾಮೀಟರ್. ಮ್ಯಾಪ್‌ಗಳೆಲ್ಲ ನಿರಂತರ, ಅಂದರೆ ಎಲ್ಲೂ ಕಡಿದುಹೋಗುವುದಿಲ್ಲ.

## ಮೊದಲ ಮೆಟ್ಟಿಲು

ಡಿಗ್ರಿ ಅಂದ್ರೆ ಏನು? ಕೋನ ಅಳೆಯೋ ಡಿಗ್ರಿನಾ?

ಅಲ್ಲ. ಇದು ಸುತ್ತುಗಳ ಲೆಕ್ಕ. ತುದಿಯೇ ಇಲ್ಲದ ಒಂದು ಕಂಬಕ್ಕೆ ಹಗ್ಗ ಸುತ್ತಿ, ಹಗ್ಗದ ಎರಡು ಕೊನೆ ಸೇರಿಸಿ ಗಂಟು ಹಾಕಿದ್ದೀರಿ ಅಂದುಕೊಳ್ಳಿ. ಎಳೆಯಿರಿ, ಸಡಿಲಿಸಿ, ಜಾರಿಸಿ. ಹಗ್ಗ ಕಂಬವನ್ನು ಎಷ್ಟು ಸುತ್ತು ಸುತ್ತಿದೆ ಅನ್ನುವುದು ಮಾತ್ರ ಬದಲಾಗುವುದಿಲ್ಲ. ವೃತ್ತದಿಂದ ವೃತ್ತಕ್ಕೆ ಹೋಗುವ ಮ್ಯಾಪ್‌ನ ಡಿಗ್ರಿ ಅಂದರೆ ಅದೇ. ಜ ↦ ಜ³ ಅನ್ನುವ ಮ್ಯಾಪ್ ಮೂರು ಸುತ್ತು ಹಾಕುತ್ತದೆ, ಡಿಗ್ರಿ 3. ಎದುರು ದಿಕ್ಕಿಗೆ ಒಂದು ಸುತ್ತು ಹಾಕಿದರೆ −1.

ಗೋಳಗಳ ಮೇಲೂ ಇದೇ ಲೆಕ್ಕ ನಡೆಯುತ್ತದೆ. ಗುರಿಯಲ್ಲಿ ಒಂದು ಸಾಧಾರಣ ಬಿಂದು ಆರಿಸಿ. ಅದಕ್ಕೆ ಬಂದು ಬೀಳುವ ಬಿಂದುಗಳನ್ನೆಲ್ಲ ಎಣಿಸಿ. ಆ ಜಾಗದಲ್ಲಿ ಮ್ಯಾಪ್ ಎಡ-ಬಲವನ್ನು ಉಳಿಸಿದರೆ +1, ಕನ್ನಡಿಯ ಹಾಗೆ ಅದಲು ಬದಲು ಮಾಡಿದರೆ −1. ಒಟ್ಟು ಮೊತ್ತವೇ ಡಿಗ್ರಿ. ಯಾವ ಬಿಂದು ಆರಿಸಿದರೂ ಮೊತ್ತ ಅದೇ ಬರುತ್ತದೆ.

ಇದರಿಂದ ಸಿಗೋ ಲಾಭ ಏನು?

ಸಮೀಕರಣ ಬಿಡಿಸದೆಯೇ ಅದಕ್ಕೆ ಉತ್ತರ ಇದೆ ಅಂತ ಹೇಳಬಹುದು. ಒಂದು ಚೆಂಡಿನ ಅಂಚಿನಲ್ಲಿ ಫ ಎಲ್ಲೂ ಸೊನ್ನೆ ಆಗುತ್ತಿಲ್ಲ, ಡಿಗ್ರಿ ಸೊನ್ನೆ ಅಲ್ಲ ಅಂತಾದರೆ, ಒಳಗೆ ಎಲ್ಲೋ ಫ(ಯ) = 0 ಆಗಲೇಬೇಕು. ಮ್ಯಾಪನ್ನು ನಿಧಾನವಾಗಿ ಬದಲಿಸುತ್ತಾ ಹೋದರೂ, ಅಂಚಿನಲ್ಲಿ ಸೊನ್ನೆ ಬರದಂತೆ ನೋಡಿಕೊಂಡರೆ ಡಿಗ್ರಿ ಕದಲುವುದಿಲ್ಲ. ಆ ನಿಧಾನದ ಬದಲಾವಣೆಗೆ ಹೋಮೋಟಪಿ ಅಂತ ಹೆಸರು.

1911ರ ಸುಮಾರಿಗೆ ಬ್ರೌವರ್ ಇದಕ್ಕೆ ಗಟ್ಟಿ ಅಡಿಪಾಯ ಹಾಕಿದರು. ಗೋಳದಿಂದ ಅದೇ ಆಯಾಮದ ಗೋಳಕ್ಕೆ ಹೋಗುವ ಎರಡು ಮ್ಯಾಪ್‌ಗಳ ಡಿಗ್ರಿ ಒಂದೇ ಆದರೆ ಒಂದನ್ನು ಇನ್ನೊಂದಾಗಿ ಬದಲಿಸಬಹುದು ಅಂತ ಹಾಪ್ಫ್ ತೋರಿಸಿದರು. ಅಂದರೆ ಸಮ್ಮಿತಿಯ ಮಾತಿಲ್ಲದಿದ್ದರೆ, ಈ ಒಂದು ಪೂರ್ಣಾಂಕದಲ್ಲಿ ಹೇಳಬೇಕಾದದ್ದೆಲ್ಲ ಇದೆ. ಸಮ್ಮಿತಿ ಬಂದ ಕೂಡಲೇ ಈ ಮಾತು ಸುಳ್ಳಾಗುತ್ತದೆ. ಮುಂದಿನದೆಲ್ಲ ಅದರ ಕಥೆ.

ಸಮ್ಮಿತಿ ಕಾಯೋದು ಅಂದ್ರೆ ಸಮ್ಮಿತಿಗೆ ಬದಲಾಗದೆ ಇರೋದಾ?

ಎರಡೂ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ. ನಾವು ಲೆಕ್ಕಕ್ಕೆ ತೆಗೆದುಕೊಂಡ ಸಮ್ಮಿತಿಗಳ ಕೂಟಕ್ಕೆ ಗ್ರೂಪ್ ಅನ್ನುತ್ತಾರೆ. ಗ್ರೂಪಿನ ಒಂದು ಸಮ್ಮಿತಿಯನ್ನು ‘ಗ’ ಅನ್ನೋಣ. ಅದು ತಿರುಗಿಸುವುದಿರಬಹುದು, ಕನ್ನಡಿ ಹಿಡಿಯುವುದಿರಬಹುದು. ಫ(ಗಯ) = ಗಫ(ಯ) ಆದರೆ ಮ್ಯಾಪ್ ಸಮ್ಮಿತಿ ಕಾಯುತ್ತದೆ: ಮೊದಲು ತಿರುಗಿಸಿ ಆಮೇಲೆ ಕಳಿಸಿದರೂ, ಕಳಿಸಿ ಆಮೇಲೆ ತಿರುಗಿಸಿದರೂ ಒಂದೇ. ಇದೇ ಈಕ್ವಿವೇರಿಯಂಟ್. ಫ(ಗಯ) = ಫ(ಯ) ಆದರೆ ಮ್ಯಾಪ್ ಸಮ್ಮಿತಿಯನ್ನು ಗಮನಿಸುವುದೇ ಇಲ್ಲ. ಅದು ಇನ್ವೇರಿಯಂಟ್. ಯ³ ಮೊದಲನೆಯದಕ್ಕೆ ಉದಾಹರಣೆ, ಯ² ಎರಡನೆಯದಕ್ಕೆ. ಸಮ್ಮಿತಿ ಅಂದರೆ ಇಲ್ಲಿ ಯ ಇದ್ದದ್ದು −ಯ ಆಗುವುದು.

ಸಮ್ಮಿತಿ ಕಾಯೋ ಮ್ಯಾಪ್‌ಗೆ ಯಾವ ಡಿಗ್ರಿ ಬೇಕಾದ್ರೂ ಬರಬಹುದಾ?

ಬರುವುದಿಲ್ಲ. ಕಾರಣವನ್ನು ವೃತ್ತದ ಮೇಲೆ ಕಣ್ಣಾರೆ ನೋಡಬಹುದು.

ಫ(−ಜ) = −ಫ(ಜ) ಇರುವ ಮ್ಯಾಪ್ ತೆಗೆದುಕೊಳ್ಳಿ. ಇದು ಬೆಸ ಮ್ಯಾಪ್. ಜ ಅನ್ನುವ ಬಿಂದು 1ರಿಂದ ಹೊರಟು ಅರ್ಧ ವೃತ್ತ ನಡೆದು −1ಕ್ಕೆ ಬರಲಿ. ಅಷ್ಟರಲ್ಲಿ ಫ(ಜ) ತಾನು ಹೊರಟ ಜಾಗದ ನೇರ ಎದುರಿಗೆ ಬಂದಿರಲೇಬೇಕು. ಹಾಗಾದರೆ ಅದು ನಡೆದದ್ದು ಅರ್ಧ ಸುತ್ತು, ಇಲ್ಲವೇ ಒಂದೂವರೆ, ಇಲ್ಲವೇ ಎರಡೂವರೆ. ಹಿಮ್ಮುಖವಾಗಿಯೂ ನಡೆದಿರಬಹುದು. ಹೇಗಿದ್ದರೂ ಕೊನೆಗೊಂದು ಅರ್ಧ ಇದ್ದೇ ಇರುತ್ತದೆ. ಉಳಿದ ಅರ್ಧ ವೃತ್ತದಲ್ಲಿ ಅದೇ ನಡಿಗೆ ಮತ್ತೊಮ್ಮೆ ಆಗುತ್ತದೆ, ಯಾಕೆಂದರೆ ಸಮ್ಮಿತಿ ಅದನ್ನು ಕಟ್ಟಿಹಾಕಿದೆ. ಎರಡೂ ಸೇರಿದರೆ ಬೆಸ ಸಂಖ್ಯೆ. ಡಿಗ್ರಿ 0 ಆಗುವುದಕ್ಕೆ ಸಾಧ್ಯವೇ ಇಲ್ಲ.

ಇದೇ ಮಾತು ಎಲ್ಲ ಆಯಾಮದ ಗೋಳಕ್ಕೂ ನಿಜ ಅಂತ 1933ರಲ್ಲಿ ಬೋರ್ಸುಕ್ ಸಾಧಿಸಿದರು. ಅರ್ಧ ಸುತ್ತಿನ ಬದಲು ಮೂರನೇ ಒಂದು ಸುತ್ತು ತಿರುಗಿಸಿದರೆ ಡಿಗ್ರಿಯನ್ನು 3ರಿಂದ ಭಾಗಿಸಿದಾಗ 1 ಉಳಿಯುತ್ತದೆ. ಒಟ್ಟಾರೆ ನಿಯಮ ಹೀಗೆ: ಗ್ರೂಪಿನಲ್ಲಿ ಎಷ್ಟು ಸಮ್ಮಿತಿಗಳಿವೆಯೋ ಆ ಸಂಖ್ಯೆ ‘ನ’ ಆಗಿರಲಿ. ಏನೂ ಮಾಡದ ಸಮ್ಮಿತಿಯನ್ನು ಬಿಟ್ಟು ಬೇರೆ ಯಾವುದೂ ಗೋಳದ ಒಂದು ಬಿಂದುವನ್ನೂ ಇದ್ದಲ್ಲೇ ಬಿಡದಿದ್ದರೆ, ಆ ಗೋಳದಿಂದ ಅದಕ್ಕೇ ಹೋಗುವ ಸಮ್ಮಿತಿ ಕಾಯುವ ಮ್ಯಾಪ್‌ಗಳ ಡಿಗ್ರಿಯನ್ನು ನದಿಂದ ಭಾಗಿಸಿದಾಗ ಶೇಷ ಯಾವಾಗಲೂ 1.

ಬೋರ್ಸುಕ್–ಉಲಾಂ ಪ್ರಮೇಯ ಅಂತ ಕೇಳಿದ್ದೇನೆ. ಅದೂ ಇದೂ ಒಂದೇನಾ?

ಅದು ಇದರ ಮಗು. ಉಲಾಂ ಊಹಿಸಿದ್ದು, ಬೋರ್ಸುಕ್ ಸಾಧಿಸಿದ್ದು. ದೊಡ್ಡ ಆಯಾಮದ ಗೋಳದಿಂದ ಚಿಕ್ಕ ಆಯಾಮದ ಗೋಳಕ್ಕೆ ಬೆಸ ಮ್ಯಾಪ್ ಇಲ್ಲ. ಇದ್ದಿದ್ದರೆ, ದೊಡ್ಡ ಗೋಳದ ನಡುಪಟ್ಟಿಯ ಮೇಲೆ ಅದರ ಡಿಗ್ರಿ ಬೆಸವೂ ಆಗಬೇಕು, ಅರ್ಧಗೋಳಕ್ಕೆ ಹರಡಿಕೊಂಡಿದ್ದರಿಂದ 0ಯೂ ಆಗಬೇಕು. ಎರಡೂ ಒಟ್ಟಿಗೆ ಆಗದು.

ಇಷ್ಟು ಚಿಕ್ಕ ಮಾತಿನಿಂದ ಬಂದ ಫಲ ಜಾಸ್ತಿ. ಭೂಮಿಯ ಮೇಲೆ ಯಾವ ಕ್ಷಣದಲ್ಲೂ ಉಷ್ಣಾಂಶ, ಗಾಳಿಯ ಒತ್ತಡ ಎರಡೂ ಒಂದೇ ಇರುವ ಎದುರುಬದುರು ಜಾಗಗಳ ಒಂದು ಜೋಡಿ ಇದ್ದೇ ಇರುತ್ತದೆ. 1978ರಲ್ಲಿ ಲೊವಾಸ್ ಇದನ್ನೇ ಹಿಡಿದು ಗ್ರಾಫ್‌ಗಳ (ಬಿಂದು-ಗೆರೆಗಳ ಜಾಲಗಳ) ಬಣ್ಣ ಹಚ್ಚುವಿಕೆಯ ಬಗ್ಗೆ ಕ್ನೇಸರ್ ಮಾಡಿದ್ದ ಊಹೆಯನ್ನು ಸಾಧಿಸಿದರು. ಎಣಿಕೆಯ ಲೆಕ್ಕಕ್ಕೆ ಟೊಪಾಲಜಿ ಹೀಗೆ ಕೈಕೊಟ್ಟು ಎತ್ತಿದ್ದು ನನಗೆ ಇವತ್ತಿಗೂ ಬೆರಗು.

ಇನ್ವೇರಿಯಂಟ್ ಮ್ಯಾಪ್ ಆದ್ರೆ?

ಡಿಗ್ರಿ ನದಿಂದ ಭಾಗವಾಗುತ್ತದೆ. ಒಂದು ಬಿಂದು ಗುರಿಗೆ ಬಿದ್ದರೆ ಅದರ ಸಮ್ಮಿತಿ ಜೊತೆಗಾರರೆಲ್ಲ ಅಲ್ಲಿಗೇ ಬೀಳುತ್ತಾರೆ. ಇದು ಸಮ್ಮಿತಿಗಳೆಲ್ಲ ಎಡ-ಬಲ ಉಳಿಸುವಾಗಿನ, ಯಾವ ಬಿಂದುವೂ ಇದ್ದಲ್ಲೇ ಉಳಿಯದಾಗಿನ ಮಾತು. ಒಂದು ಸಮ್ಮಿತಿ ಎಡ-ಬಲ ಅದಲು ಬದಲು ಮಾಡಿದರೂ ಸಾಕು, ಡಿಗ್ರಿ ನೇರವಾಗಿ 0.

## ನಡುವಿನ ಹಂತ

ಒಂದು ಡಿಗ್ರಿ ಸಾಲಲ್ವಾ? ಇಷ್ಟೊಂದು ಸಂಖ್ಯೆ ಯಾಕೆ?

ಸಮ್ಮಿತಿ ಕಾಯುವ ಮ್ಯಾಪ್‌ಗೆ ಒಂದು ಹಠ ಇದೆ. ಒಂದು ಸಮ್ಮಿತಿ ಅಲುಗಿಸದ ಬಿಂದುಗಳನ್ನು ಅದು ಅಂಥದೇ ಬಿಂದುಗಳಿಗೆ ಕಳಿಸುತ್ತದೆ. ಕನ್ನಡಿಯ ಗೆರೆಯ ಮೇಲಿದ್ದದ್ದು ಗೆರೆಯ ಮೇಲೇ ಉಳಿಯುತ್ತದೆ, ಆಚೀಚೆ ಹೋಗುವಂತಿಲ್ಲ. ಹಾಗಾಗಿ ಪ್ರತಿ ಉಪಗ್ರೂಪಿಗೂ (ಗ್ರೂಪಿನ ಒಳಗಿನ ಚಿಕ್ಕ ಗ್ರೂಪಿಗೂ) ಅದರ ಸ್ಥಿರ ಬಿಂದುಗಳ ಜಾಗ, ಆ ಜಾಗದ ಮೇಲೆ ಒಂದು ಚಿಕ್ಕ ಮ್ಯಾಪ್, ಆ ಚಿಕ್ಕ ಮ್ಯಾಪ್‌ಗೆ ಅದರದೇ ಡಿಗ್ರಿ. ನಿಧಾನವಾಗಿ ಬದಲಿಸುವಾಗಲೂ ಸಮ್ಮಿತಿ ಕಾಯುತ್ತಲೇ ಬದಲಿಸಬೇಕು ಅಂದರೆ, ಈ ಡಿಗ್ರಿಗಳಲ್ಲಿ ಒಂದೂ ಕದಲುವುದಿಲ್ಲ.

ಸಮ್ಮಿತಿ ಬಂದರೆ ಸ್ವಾತಂತ್ರ್ಯ ಕಡಿಮೆ ಆಗುತ್ತದೆ, ಆದ್ದರಿಂದ ಮಾಹಿತಿಯೂ ಕಡಿಮೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಆಗುವುದು ತಿರುಗಾಮುರುಗಾ. ಕಟ್ಟು ಬಿಗಿಯಾದಷ್ಟೂ ಬದಲಿಸುವ ದಾರಿಗಳು ಕಡಿಮೆ, ಹಾಗಾಗಿ ಕದಲದೆ ಉಳಿಯುವ ಸಂಖ್ಯೆಗಳು ಜಾಸ್ತಿ.

ಒಂದು ಸಣ್ಣ ಉದಾಹರಣೆ ಕೊಡ್ತೀರಾ? ಪೂರ್ತಿ ಲೆಕ್ಕ ಸಮೇತ?

ಖಂಡಿತ. ಫ(ಯ) = ಯ³ − ತಯ. ಸಮ್ಮಿತಿ: ಯ ↦ −ಯ. ಯ ಅನ್ನುವುದು −2ರಿಂದ 2ರವರೆಗೆ, ತ ಅನ್ನುವುದು −1ರಿಂದ 1ರವರೆಗೆ ಓಡಲಿ. ಎರಡು ತುದಿಯಲ್ಲಿ ಫ ಎಂದೂ ಸೊನ್ನೆ ಆಗುವುದಿಲ್ಲ.

ತ = −1 ಇದ್ದಾಗ ಸೊನ್ನೆ, ಅಂದರೆ ಫ(ಯ) = 0 ಆಗುವ ಬಿಂದು, ಒಂದೇ: ಮೂಲಬಿಂದು. ಅಲ್ಲಿ ಇಳಿಜಾರು ಮೇಲ್ಮುಖ, ಅದರ ಲೆಕ್ಕ +1. ಸಮ್ಮಿತಿ ಅಲುಗಿಸದ ಬಿಂದು ಮೂಲಬಿಂದು ಒಂದೇ. ಅಲ್ಲಿನ ಡಿಗ್ರಿ 1. ಎರಡನ್ನೂ ಜೊತೆಯಾಗಿ (1, 1) ಅಂತ ಬರೆಯೋಣ. ಮೊದಲನೆಯದು ಪೂರ್ತಿ ಡಿಗ್ರಿ, ಎರಡನೆಯದು ಸ್ಥಿರ ಭಾಗದ್ದು.

ತ = 1 ಇದ್ದಾಗ ಸೊನ್ನೆ ಮೂರು: −1, 0, 1. ಮೂಲಬಿಂದುವಿನಲ್ಲಿ ಇಳಿಜಾರು ಈಗ ಕೆಳಮುಖ. ಅದರ ಪಾಲು (−1, 1). ±1 ಎರಡರಲ್ಲೂ ಮೇಲ್ಮುಖ, ಎರಡೂ ಒಂದಕ್ಕೊಂದು ಕನ್ನಡಿ ಬಿಂಬ, ಯಾವುದೂ ಸ್ಥಿರ ಅಲ್ಲ. ಅವುಗಳ ಪಾಲು (2, 0). ಕೂಡಿಸಿ: (−1, 1) + (2, 0) = (1, 1). ಸರಿಹೋಯಿತು.

ಈಗ ಇದನ್ನು ಹಿಂದುಮುಂದಾಗಿ ಓದಿ. ಮೂಲಬಿಂದುವಿನ ಪಾಲು (1, 1)ರಿಂದ (−1, 1)ಕ್ಕೆ ಇಳಿಯಿತು ಅಂತಷ್ಟೇ ನಮಗೆ ಗೊತ್ತು, ಬೇರೆ ಸೊನ್ನೆಗಳು ಕಾಣುತ್ತಿಲ್ಲ ಅಂದುಕೊಳ್ಳಿ. ಒಟ್ಟು ಲೆಕ್ಕ ಬದಲಾಗುವಂತಿಲ್ಲ. ಹಾಗಾದರೆ (2, 0) ಎಲ್ಲಿಂದಲೋ ಬರಲೇಬೇಕು. ಅಂದರೆ ಕನ್ನಡಿ ಸಮ್ಮಿತಿ ಕಳೆದುಕೊಂಡ ಒಂದು ಜೋಡಿ ಉತ್ತರ ಹುಟ್ಟಲೇಬೇಕು. ಸಮ್ಮಿತಿ ಮುರಿಯುವ ಬೈಫರ್ಕೇಶನ್ ಅನ್ನುವುದು ಇದನ್ನೇ.

ಬರ್ನ್‌ಸೈಡ್ ರಿಂಗ್ ಎಲ್ಲಿಂದ ಬಂತು? ಹೆಸರು ಕೇಳಿದ್ರೇ ಭಯ ಆಗುತ್ತೆ.

ಭಯ ಬೇಡ. ಮೇಲಿನ ಉದಾಹರಣೆಯಲ್ಲಿ ಅದನ್ನು ಆಗಲೇ ಬಳಸಿದ್ದಾಗಿದೆ. ಸಮ್ಮಿತಿಗಳು ಒಂದು ಬಿಂದುವನ್ನು ಎಲ್ಲೆಲ್ಲಿಗೆ ಒಯ್ಯುತ್ತವೋ ಆ ಬಿಂದುಗಳ ಗುಂಪಿಗೆ ಕಕ್ಷೆ ಅನ್ನುತ್ತಾರೆ. ಕನ್ನಡಿ ಒಂದೇ ಇದ್ದರೆ ಕಕ್ಷೆಗಳು ಎರಡೇ ಬಗೆ: ಒಂಟಿ, ಜೋಡಿ. ಒಂಟಿಯ ಲೆಕ್ಕ (1, 1), ಜೋಡಿಯ ಲೆಕ್ಕ (2, 0). ಮೂಲಬಿಂದುವಿನ (−1, 1) ಅಂದರೆ ‘ಒಂಟಿ − ಜೋಡಿ’.

ಹೀಗೆ ಕಕ್ಷೆಗಳನ್ನು ಕೂಡಿಸಿ, ಕಳೆದು, ಗುಣಿಸಿ ಆಡುವ ಲೆಕ್ಕವೇ ಬರ್ನ್‌ಸೈಡ್ ರಿಂಗ್. ಸಮ್ಮಿತಿ ಕಾಯುವ ಮ್ಯಾಪ್‌ನ ಡಿಗ್ರಿ ಈ ರಿಂಗಿನ ಒಂದು ಅಂಶ. ಗೋಳಗಳಿಗೆ ಸಾಕಷ್ಟು ಆಯಾಮ ಸೇರಿಸಿಕೊಂಡರೆ, ಸೀಮಿತ ಗ್ರೂಪಿನ ಸಮ್ಮಿತಿ ಕಾಯುವ ಮ್ಯಾಪ್‌ಗಳ ಹೋಮೋಟಪಿ ಬಗೆಗಳೂ ಬರ್ನ್‌ಸೈಡ್ ರಿಂಗಿನ ಅಂಶಗಳೂ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ ಅಂತ 1970ರಲ್ಲಿ ಸೀಗಲ್ ಹೇಳಿದರು. ಸುತ್ತುವ ವೃತ್ತದಂಥ ಕಾಂಪ್ಯಾಕ್ಟ್ ಲೀ ಗ್ರೂಪ್‌ಗಳಿಗೂ ಇದನ್ನು ಬೆಳೆಸಿದವರು ಟಾಮ್ ಡೀಕ್. ಬರ್ನ್‌ಸೈಡ್‌ಗೆ ಟೊಪಾಲಜಿಯ ಯೋಚನೆ ಇರಲಿಲ್ಲ. ಅವರು ಗ್ರೂಪ್‌ಗಳು ಬಿಂದುಗಳನ್ನು ಅದಲು ಬದಲು ಮಾಡುವ ರೀತಿಗಳನ್ನು ಪಟ್ಟಿ ಮಾಡುತ್ತಿದ್ದರು, ಅಷ್ಟೆ.

ಮಾಮೂಲಿ ಡಿಗ್ರಿಗೆ ಕಾಣದೆ ಇರೋದು ಇದಕ್ಕೆ ಕಾಣುತ್ತೆ ಅಂತೀರಲ್ಲ, ನಿಜವಾಗಿ ತೋರಿಸಿ.

ಸಮಬಾಹು ತ್ರಿಭುಜದ ಸಮ್ಮಿತಿ ತೆಗೆದುಕೊಳ್ಳೋಣ. ಮೂರು ಕನ್ನಡಿ ಗೆರೆ, ಮೂರನೇ ಒಂದು ಸುತ್ತು, ಮೂರನೇ ಎರಡು ಸುತ್ತು, ಏನೂ ಮಾಡದಿರುವುದು: ಒಟ್ಟು ಆರು. ಕಕ್ಷೆಗಳು ನಾಲ್ಕು ಬಗೆ: ಒಂಟಿ, ಎರಡರದು, ಮೂರರದು, ಆರರದು. ಸಮತಲದಲ್ಲಿ ಮೂಲಬಿಂದು ಒಂಟಿ. ಕನ್ನಡಿ ಗೆರೆಯ ಮೇಲಿನ ಬಿಂದುವಿಗೆ ಮೂರರ ಕಕ್ಷೆ. ಬೇರೆಲ್ಲಕ್ಕೂ ಆರರ ಕಕ್ಷೆ. ಎರಡರ ಕಕ್ಷೆ ಸಮತಲದಲ್ಲಿ ಇಲ್ಲ.

ಈಗ ಫ(ಜ) = ತಜ + (ಜ′)². ಜ′ ಅಂದರೆ ಜದ ಕಾಂಜುಗೇಟ್, ವಾಸ್ತವ ಅಕ್ಷದಲ್ಲಿ ಅದರ ಕನ್ನಡಿ ಬಿಂಬ. ಇದು ತ್ರಿಭುಜದ ಸಮ್ಮಿತಿಯನ್ನು ಕಾಯುತ್ತದೆ, ಬೇಕಾದರೆ ಪರೀಕ್ಷಿಸಿ ನೋಡಿ. ಮೂಲಬಿಂದುವಿನಲ್ಲಿ ಮುಖ್ಯ ಭಾಗ ತಜ. ತ ಧನ ಇದ್ದಾಗ ಅದು ಇದ್ದಲ್ಲೇ ಬಿಡುವ ಮ್ಯಾಪ್‌ನ ಹಾಗೆ, ಡಿಗ್ರಿ 1. ತ ಋಣ ಇದ್ದಾಗ ಅರ್ಧ ಸುತ್ತು ತಿರುಗಿಸುವ ಮ್ಯಾಪ್‌ನ ಹಾಗೆ. ಅದಕ್ಕೂ ಡಿಗ್ರಿ 1! ಮಾಮೂಲಿ ಡಿಗ್ರಿ ಕೇಳಿದರೆ ‘ಏನೂ ಆಗಲಿಲ್ಲ’ ಅನ್ನುತ್ತದೆ.

ಸಮ್ಮಿತಿಯ ಡಿಗ್ರಿ ಕೇಳಿ. ಅರ್ಧ ಸುತ್ತಿನ ಮ್ಯಾಪ್‌ಗೆ ಇಡೀ ಸಮತಲದಲ್ಲಿ 1. ಕನ್ನಡಿ ಗೆರೆಯ ಮೇಲೆ ಅದು ಬಿಂದುವನ್ನು ಆಚೆ ಬದಿಗೆ ಕಳಿಸುತ್ತದೆ, ಹಾಗಾಗಿ −1. ತಿರುಗುವಿಕೆಗೆ ಸ್ಥಿರವಾಗಿರುವುದು ಮೂಲಬಿಂದು ಮಾತ್ರ, 1. ಇಡೀ ಗ್ರೂಪಿಗೂ ಅದೇ, 1. ಈ ನಾಲ್ಕು ಸಂಖ್ಯೆ ಕೊಡುವ ಕಕ್ಷೆಗಳ ಮೊತ್ತ ಒಂದೇ ಇದೆ:

ಒಂಟಿ − 2 × (ಮೂರರ ಕಕ್ಷೆ) + (ಆರರ ಕಕ್ಷೆ).

ಒಟ್ಟು ಬಿಂದು ಎಣಿಸಿ: 1 − 6 + 6 = 1. ಒಂದು ಕನ್ನಡಿ ಗೆರೆಯ ಮೇಲಿರುವವನ್ನು ಎಣಿಸಿ: 1 − 2 = −1. ಎರಡೂ ಸರಿ.

ತ ಸೊನ್ನೆ ದಾಟಿದಾಗ ಮೂಲಬಿಂದುವಿನ ಪಾಲು ‘ಒಂಟಿ’ಯಿಂದ ಇದಕ್ಕೆ ಜಿಗಿಯಿತು. ವ್ಯತ್ಯಾಸದಲ್ಲಿ ಮೂರರ ಕಕ್ಷೆ ಎರಡಿವೆ. ಹಾಗಾಗಿ ಕನ್ನಡಿ ಗೆರೆಗಳ ಮೇಲೆ ಹೊಸ ಉತ್ತರಗಳು ಇರಲೇಬೇಕು. ಇವೆಯೇ? ಬಿಡಿಸಿ ನೋಡಿದರೆ ತದ ಎರಡೂ ಬದಿಯಲ್ಲಿ ಮೂರು ಮೂರು ಸೊನ್ನೆ ಸಿಗುತ್ತವೆ, ಮೂಲಬಿಂದುವಿನಿಂದ |ತ| ದೂರದಲ್ಲಿ, ಎಲ್ಲವೂ ಕನ್ನಡಿ ಗೆರೆಗಳ ಮೇಲೆ. ತ ಧನ ಇದ್ದಾಗ ಆ ಮೂರರ ಪಾಲು ‘− ಮೂರರ ಕಕ್ಷೆ’. ಋಣ ಇದ್ದಾಗ ‘ಮೂರರ ಕಕ್ಷೆ − ಆರರ ಕಕ್ಷೆ’. ಮೂಲಬಿಂದುವಿನ ಪಾಲು ಸೇರಿಸಿದರೆ ಎರಡೂ ಬದಿಯಲ್ಲಿ ಒಟ್ಟು ‘ಒಂಟಿ − ಮೂರರ ಕಕ್ಷೆ’. ಪೈಸೆ ಲೆಕ್ಕ ತಪ್ಪುವುದಿಲ್ಲ. ಈ ಉದಾಹರಣೆಯನ್ನು ಒಮ್ಮೆ ನಿಮ್ಮ ಕೈಯಾರೆ ಮಾಡಿ. ನನಗೆ ವಿಷಯ ಹಿಡಿಸಿದ್ದು ಇದನ್ನು ಮಾಡಿದ ದಿನ.

ಆರರ ಕಕ್ಷೆ ಲೆಕ್ಕದಲ್ಲಿ ಬಂತಲ್ಲ, ಹಾಗಾದ್ರೆ ಯಾವ ಸಮ್ಮಿತಿಯೂ ಇಲ್ಲದ ಆರು ಉತ್ತರಗಳು ಇರಬೇಕಲ್ವಾ?

ಬೇಕಿಲ್ಲ. ಮೇಲಿನ ತ್ರಿಭುಜದ ಉದಾಹರಣೆಯಲ್ಲೇ ಅಂಥ ಉತ್ತರ ಒಂದೂ ಇಲ್ಲ. ಹೆಚ್ಚು ಸಮ್ಮಿತಿ ಇರುವ ಬಿಂದುವಿನ ಪಾಲಿನಲ್ಲೂ ಕಡಿಮೆ ಸಮ್ಮಿತಿಯ ಕಕ್ಷೆ ತುಣುಕಾಗಿ ಸೇರಿಕೊಂಡಿರುತ್ತದೆ. ಡಿಗ್ರಿ ಖಚಿತವಾಗಿ ಹೇಳುವುದು ಇಷ್ಟು: ಒಂದು ಬಗೆಯ ಕಕ್ಷೆಯ ಮುಂದೆ ಸೊನ್ನೆ ಅಲ್ಲದ ಸಂಖ್ಯೆ ಇದ್ದರೆ, ಕನಿಷ್ಠ ಅಷ್ಟು ಸಮ್ಮಿತಿ ಇರುವ ಉತ್ತರ ಒಂದಾದರೂ ಇದೆ. ಹೆಚ್ಚೂ ಇರಬಹುದು. ಅದಕ್ಕೇ ಲೆಕ್ಕದಲ್ಲಿ ಅತಿ ಹೆಚ್ಚು ಸಮ್ಮಿತಿಯ ಹೊಸ ಕಕ್ಷೆ ಯಾವುದು ಅಂತ ಮೊದಲು ನೋಡಬೇಕು. ನಂಬಿ ಕೂರಬಹುದಾದದ್ದು ಅದನ್ನೇ.

ಪ್ರತಿ ಉಪಗ್ರೂಪಿನ ಡಿಗ್ರಿ ನಮಗಿಷ್ಟ ಬಂದ ಹಾಗೆ ಆರಿಸಬಹುದಾ?

ಇಲ್ಲ, ಅವು ಒಂದರ ಕೈ ಒಂದು ಹಿಡಿದಿರುತ್ತವೆ. ಕನ್ನಡಿ ಒಂದೇ ಇದ್ದರೆ ಪೂರ್ತಿ ಡಿಗ್ರಿಯೂ ಸ್ಥಿರ ಭಾಗದ ಡಿಗ್ರಿಯೂ ಎರಡೂ ಸಮ ಇಲ್ಲವೇ ಎರಡೂ ಬೆಸ. ತ್ರಿಭುಜದ ಸಮ್ಮಿತಿಗೆ ಎರಡು ಕಟ್ಟು: ಪೂರ್ತಿ ಡಿಗ್ರಿ, ಕನ್ನಡಿಯದರ ಮೂರು ಪಟ್ಟು, ತಿರುಗುವಿಕೆಯದರ ಎರಡು ಪಟ್ಟು ಕೂಡಿಸಿದರೆ 6ರಿಂದ ಭಾಗವಾಗಬೇಕು. ತಿರುಗುವಿಕೆಯ ಡಿಗ್ರಿಯೂ ಇಡೀ ಗ್ರೂಪಿನ ಡಿಗ್ರಿಯೂ 2ರಿಂದ ಭಾಗಿಸಿದಾಗ ಒಂದೇ ಶೇಷ ಕೊಡಬೇಕು. ಕಕ್ಷೆಗಳನ್ನು ಎಣಿಸುವ ಹಳೆಯ ಸೂತ್ರವೇ ಇಲ್ಲಿ ವೇಷ ಬದಲಿಸಿ ಬಂದಿದೆ. ಈ ಕಟ್ಟುಗಳನ್ನು ಪಾಲಿಸುವ ಯಾವ ಸಂಖ್ಯೆಗಳನ್ನು ಕೊಟ್ಟರೂ, ಸಾಕಷ್ಟು ದೊಡ್ಡ ಗೋಳದಲ್ಲಿ ಅದಕ್ಕೆ ತಕ್ಕ ಮ್ಯಾಪ್ ಸಿಗುತ್ತದೆ.

ಮ್ಯಾಪನ್ನು ಸುಮ್ನೆ ಒಂಚೂರು ಅಲುಗಿಸಿ, ಸೊನ್ನೆಗಳನ್ನೆಲ್ಲ ಚೊಕ್ಕ ಮಾಡ್ಕೊಂಡು ಎಣಿಸಿದ್ರೆ ಆಗಲ್ವಾ?

ಸಮ್ಮಿತಿ ಇಲ್ಲದಾಗ ಆಗುತ್ತದೆ. ಇದ್ದಾಗ ಅಲುಗಿಸುವ ಸ್ವಾತಂತ್ರ್ಯವೇ ನಮಗಿಲ್ಲ. ಒಂದು ಕೆಟ್ಟ ಉದಾಹರಣೆ: ಸಮತಲವನ್ನು ಐದನೇ ಒಂದು ಸುತ್ತು ತಿರುಗಿಸಿದರೆ, ಗುರಿಯ ಸಮತಲ ಐದನೇ ಎರಡು ಸುತ್ತು ತಿರುಗಬೇಕು ಅಂತ ಇಟ್ಟುಕೊಳ್ಳಿ. ಜ ↦ ಜ² ಈ ನಿಯಮ ಪಾಲಿಸುತ್ತದೆ. ಮೂಲಬಿಂದುವಿನಲ್ಲಿ ಅದರ ಸೊನ್ನೆ ಎರಡು ಮಡಿ. ಅದನ್ನು ಬಿಡಿಸೋಣ ಅಂತ ಜ ಸೇರಿಸಿದರೆ ನಿಯಮ ಮುರಿಯುತ್ತದೆ, ಜ′ ಸೇರಿಸಿದರೂ ಮುರಿಯುತ್ತದೆ, ಸ್ಥಿರಾಂಕ ಸೇರಿಸಿದರೂ ಅಷ್ಟೇ. ಆ ಸೊನ್ನೆ ಅಲ್ಲೇ ಇರುತ್ತದೆ, ಹಾಗೇ ಇರುತ್ತದೆ.

ಎರಡೂ ಕಡೆ ಒಂದೇ ಸಮ್ಮಿತಿ ಇದ್ದರೆ ದಾರಿ ಇದೆ. ಅತಿ ಹೆಚ್ಚು ಸಮ್ಮಿತಿಯ ಜಾಗದಿಂದ ಶುರು ಮಾಡಿ ಹೊರಗೆ ಬರುತ್ತಾ ಹೋಗಬೇಕು. ಒಂದು ಸ್ಥಿರ ಜಾಗದ ಒಳಗೆ ಮ್ಯಾಪನ್ನು ಚೊಕ್ಕ ಮಾಡಿ, ಅದರ ಸುತ್ತ ಅಡ್ಡ ದಿಕ್ಕಿನಲ್ಲಿ ಇದ್ದಲ್ಲೇ ಬಿಡುವ ಹಾಗೆ ಮಾಡಿ, ಆಮೇಲೆ ಮುಂದಿನ ಜಾಗ. ಇಂಥ ಮ್ಯಾಪ್‌ಗಳಿಗೆ ‘ನಾರ್ಮಲ್’ ಅನ್ನುತ್ತಾರೆ. ಅವುಗಳ ಮೇಲೆ ಕಕ್ಷೆ ಎಣಿಸಿದರೆ ಬರ್ನ್‌ಸೈಡ್ ರಿಂಗಿನ ಉತ್ತರವೇ ಬರುತ್ತದೆ.

## ಮುಂದಿನ ಹಂತ

ಎಲ್ಲಾ ಪ್ರಮೇಯದಲ್ಲೂ ಅವಿಭಾಜ್ಯ ಸಂಖ್ಯೆಯ ಘಾತ ಅಂತ ಯಾಕೆ ಬರುತ್ತೆ? 6 ಆದ್ರೆ ಏನು ತೊಂದರೆ?

ಗ್ರೂಪಿನ ಗಾತ್ರ ‘ಪ’ ಅನ್ನುವ ಒಂದೇ ಅವಿಭಾಜ್ಯದ ಘಾತ ಆದರೆ, ಒಂಟಿ ಬಿಟ್ಟು ಉಳಿದ ಪ್ರತಿ ಕಕ್ಷೆಯಲ್ಲೂ ಬಿಂದುಗಳ ಸಂಖ್ಯೆ ಪದಿಂದ ಭಾಗವಾಗುತ್ತದೆ. ಹಾಗಾಗಿ ಪೂರ್ತಿ ಡಿಗ್ರಿಯೂ ಸ್ಥಿರ ಭಾಗದ ಡಿಗ್ರಿಯೂ ಪದಿಂದ ಒಂದೇ ಶೇಷ ಕೊಡುತ್ತವೆ. ಗೋಳದ ಮೇಲೆ ಇಡೀ ಗ್ರೂಪಿಗೆ ಸ್ಥಿರ ಬಿಂದು ಇಲ್ಲದಿದ್ದರೆ ಶೇಷ 1, ಡಿಗ್ರಿ ಎಂದೂ 0 ಆಗದು.

6ರಲ್ಲಿ ಈ ಬೇಲಿ ಮುರಿಯುತ್ತದೆ. ಎರಡು ಕಾಂಪ್ಲೆಕ್ಸ್ ಸಂಖ್ಯೆಗಳ ಜೋಡಿ (ಜ, ವ) ನೋಡಿ. ಸಮ್ಮಿತಿ ಪ್ರತಿ ಹೆಜ್ಜೆಗೆ ಜವನ್ನು ಮೂರನೇ ಒಂದು ಸುತ್ತು, ವವನ್ನು ಅರ್ಧ ಸುತ್ತು ತಿರುಗಿಸುತ್ತದೆ. ಆರು ಹೆಜ್ಜೆಗೆ ಎಲ್ಲ ಮೊದಲಿನಂತೆ. (ಜ⁴, ವ³) ಈ ಸಮ್ಮಿತಿಯನ್ನು ಕಾಯುತ್ತದೆ: 4ನ್ನು 3ರಿಂದ ಭಾಗಿಸಿದರೆ 1, 3ನ್ನು 2ರಿಂದ ಭಾಗಿಸಿದರೂ 1. ಉದ್ದವನ್ನು ಸರಿಪಡಿಸಿ ಗೋಳದ ಮೇಲಿನ ಮ್ಯಾಪ್ ಮಾಡಿಕೊಂಡರೆ ಡಿಗ್ರಿ 4 × 3 = 12. ಜ, ವ ಎರಡೂ ಸೊನ್ನೆ ಅಲ್ಲದ ಕಡೆ ಆರರ ಕಕ್ಷೆಗಳಿವೆ. ಅಲ್ಲಿ ತಿದ್ದಿ ಡಿಗ್ರಿಯನ್ನು ಆರಾರಾಗಿ ಏರಿಸಬಹುದು, ಇಳಿಸಬಹುದು. ಎರಡು ಸಲ ಇಳಿಸಿ. ಡಿಗ್ರಿ 0! ಸಮ್ಮಿತಿ ಕಾಯುತ್ತಲೇ ಸೊನ್ನೆಗೆ ಬಂದುಬಿಟ್ಟೆವು.

ಇದು ಬರೀ ಕುತೂಹಲದ ಮಾತಲ್ಲ. ಬಿಂದುಗಳನ್ನು ಗುಂಪುಗಳಾಗಿ ಹಂಚುವ ಟ್ವೆರ್‌ಬರ್ಗ್ ಪ್ರಮೇಯದ ಟೊಪಾಲಜಿ ರೂಪವನ್ನು ಗುಂಪುಗಳ ಸಂಖ್ಯೆ ಅವಿಭಾಜ್ಯ ಇದ್ದಾಗ 1981ರಲ್ಲಿ ಬಾರಾನಿ, ಶ್ಲಾಸ್ಮನ್, ಸೂಚ್ ಸಾಧಿಸಿದರು. ಅವಿಭಾಜ್ಯದ ಘಾತಕ್ಕೆ 1987ರಲ್ಲಿ ಓಜಾಯ್ದಿನ್ ಬೆಳೆಸಿದರು. ಉಳಿದ ಸಂಖ್ಯೆಗಳಿಗೂ ಇದು ನಿಜ ಇರಬಹುದು ಅಂತ ತುಂಬಾ ಜನ ನಂಬಿದ್ದರು. ಮಾಬಿಯಾರ್ ಮತ್ತು ವಾಗ್ನರ್ ಹಾಕಿಕೊಟ್ಟ ದಾರಿಯಲ್ಲಿ ಹೋಗಿ 2015ರಲ್ಲಿ ಫ್ರಿಕ್ ಅದು ಸುಳ್ಳು ಅಂತ ಉದಾಹರಣೆ ಕೊಟ್ಟರು. ಬೇಲಿ ಮುರಿದ ಕಡೆ ಪ್ರಮೇಯವೂ ಮುರಿಯಿತು.

ಗ್ರೂಪ್ ವೃತ್ತವೇ ಆದ್ರೆ ಈ ಡಿಗ್ರಿ ಕೆಲಸಕ್ಕೆ ಬರಲ್ಲ ಅಂತಾರೆ. ನಿಜನಾ?

ಅರ್ಧ ನಿಜ. ವೃತ್ತದ ಸಮ್ಮಿತಿ ಇದ್ದಾಗ ಸ್ಥಿರ ಅಲ್ಲದ ಬಿಂದುವಿನ ಕಕ್ಷೆಯೇ ಒಂದು ವೃತ್ತ. ಸೊನ್ನೆಗಳು ಬಿಡಿ ಬಿಂದುಗಳಾಗಿ ಸಿಗುವುದಿಲ್ಲ, ಬಳೆಗಳಾಗಿ ಸಿಗುತ್ತವೆ. ಬರ್ನ್‌ಸೈಡ್ ರಿಂಗ್ ಇಲ್ಲಿ ಬರೀ ಪೂರ್ಣಾಂಕಗಳಾಗಿ ಕುಗ್ಗುತ್ತದೆ, ಸ್ಥಿರ ಬಿಂದುಗಳನ್ನು ಮಾತ್ರ ಎಣಿಸುತ್ತದೆ.

ಪರಿಹಾರ: ಒಂದು ಪ್ಯಾರಾಮೀಟರ್ ಹೆಚ್ಚಿಗೆ ಕೊಡಿ. ಅದು ಬಲವಂತದ ಸೇರ್ಪಡೆಯಲ್ಲ, ತಾನಾಗೇ ಇರುತ್ತದೆ. ಕಾಲಕ್ಕೆ ತಕ್ಕಂತೆ ಓಡುವ ವ್ಯವಸ್ಥೆಯೊಂದರಲ್ಲಿ ಮತ್ತೆ ಮತ್ತೆ ಮರಳುವ ಚಲನೆ ಹುಡುಕುತ್ತಿದ್ದೀರಿ ಅಂದುಕೊಳ್ಳಿ. ಗಡಿಯಾರವನ್ನು ಮುಂದೆ ಹಿಂದೆ ಸರಿಸಿದರೂ ಚಲನೆ ಅದೇ, ಹಾಗಾಗಿ ವೃತ್ತದ ಸಮ್ಮಿತಿ. ಅದರ ಆವರ್ತ, ಅಂದರೆ ಒಮ್ಮೆ ಮರಳಲು ಹಿಡಿಯುವ ಕಾಲ, ಎಷ್ಟು ಅಂತ ಮೊದಲೇ ಗೊತ್ತಿಲ್ಲ. ಆ ಗೊತ್ತಿಲ್ಲದ ಆವರ್ತವೇ ಹೆಚ್ಚಿನ ಪ್ಯಾರಾಮೀಟರ್. ಆಗ ಡಿಗ್ರಿ ಪ್ರತಿ ‘ಕ’ಗೂ ಒಂದು ಪೂರ್ಣಾಂಕ ಕೊಡುತ್ತದೆ. ಕ ಅಂದರೆ ಒಂದು ಪೂರ್ತಿ ಸುತ್ತಿನಲ್ಲಿ ಅಲೆ ಎಷ್ಟು ಸಲ ಮರುಕಳಿಸುತ್ತದೆ ಅನ್ನುವುದು. ಇದಕ್ಕೆ ಹತ್ತಿರದ ಒಂದು ಸೂಚಿಯನ್ನು 1967ರಲ್ಲೇ ಫುಲ್ಲರ್ ಕೊಟ್ಟಿದ್ದರು. 1989ರಿಂದ ಈಜ್, ಮಸ್ಸಬೊ, ವಿನ್ಯೋಲಿ ಸಮ್ಮಿತಿ ಕಾಯುವ ಮ್ಯಾಪ್‌ಗಳ ಡಿಗ್ರಿಯನ್ನು ವಿಸ್ತಾರವಾಗಿ ಕಟ್ಟಿದರು. ಸ್ಥಿರ ಸ್ಥಿತಿಯಿಂದ ಕಂಪನ ಹುಟ್ಟುವ ಹಾಪ್ಫ್ ಬೈಫರ್ಕೇಶನ್‌ಗೆ ಇದು ಹೇಳಿ ಮಾಡಿಸಿದ ಉಪಕರಣ.

ಗ್ರೇಡಿಯಂಟ್ ಮ್ಯಾಪ್‌ಗೆ ಬೇರೆ ಡಿಗ್ರಿ ಅಂತೆ. ಯಾಕೆ?

ಗ್ರೇಡಿಯಂಟ್ ಅಂದರೆ ಒಂದು ಫಂಕ್ಷನ್ ಎತ್ತ ಅತಿ ಬೇಗ ಏರುತ್ತದೆ ಅಂತ ತೋರಿಸುವ ಬಾಣ. ಸಮ್ಮಿತಿ ಇಲ್ಲದಾಗ ಬೇರೆ ಡಿಗ್ರಿ ಬೇಕಿಲ್ಲ. ಎರಡು ಗ್ರೇಡಿಯಂಟ್ ಮ್ಯಾಪ್‌ಗಳನ್ನು ಹೇಗೋ ಒಂದರಿಂದ ಇನ್ನೊಂದಕ್ಕೆ ಬದಲಿಸಬಹುದಾದರೆ, ದಾರಿಯುದ್ದಕ್ಕೂ ಗ್ರೇಡಿಯಂಟ್ ಆಗಿಯೇ ಇಟ್ಟುಕೊಂಡೂ ಬದಲಿಸಬಹುದು ಅಂತ 1990ರಲ್ಲಿ ಪರುಸಿನ್‌ಸ್ಕಿ ತೋರಿಸಿದರು.

ವೃತ್ತದ ಸಮ್ಮಿತಿ ಬಂದರೆ ಕಥೆ ಬೇರೆ. ಸೊನ್ನೆಗಳ ಒಂದು ಬಳೆ ಇದೆ ಅಂದುಕೊಳ್ಳಿ. ಮಾಮೂಲಿ ಮ್ಯಾಪ್ ಆದರೆ, ಬಳೆಯ ಉದ್ದಕ್ಕೂ ಹರಿಯುವ ಚಿಕ್ಕದೊಂದು ಹರಿವು ಸೇರಿಸಿದರೆ ಸಾಕು, ಸೊನ್ನೆಗಳು ಮಾಯ. ಸಮ್ಮಿತಿಯೂ ಕೆಡುವುದಿಲ್ಲ. ಗ್ರೇಡಿಯಂಟ್ ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಸಮ್ಮಿತಿಗೆ ಬದಲಾಗದ ಫಂಕ್ಷನ್‌ನ ಗ್ರೇಡಿಯಂಟ್ ಯಾವಾಗಲೂ ಕಕ್ಷೆಗೆ ಲಂಬವಾಗಿರುತ್ತದೆ. ಬಳೆಯ ಉದ್ದಕ್ಕೆ ಹರಿಯುವ ಹಾಗೇ ಇಲ್ಲ. ಹಾಗಾಗಿ ಆ ಬಳೆಗಳು ಲೆಕ್ಕದಲ್ಲಿ ಗಟ್ಟಿಯಾಗಿ ಉಳಿಯುತ್ತವೆ. ಇದನ್ನು ಹಿಡಿಯುವ ಡಿಗ್ರಿಯನ್ನು ವೃತ್ತಕ್ಕೆ 1985ರಲ್ಲಿ ಡ್ಯಾನ್ಸರ್, ಎಲ್ಲ ಕಾಂಪ್ಯಾಕ್ಟ್ ಲೀ ಗ್ರೂಪ್‌ಗಳಿಗೆ 1997ರಲ್ಲಿ ಗೆಂಬಾ ಕಟ್ಟಿದರು. ಶಕ್ತಿ ಉಳಿಯುವ ಹ್ಯಾಮಿಲ್ಟನ್ ವ್ಯವಸ್ಥೆಗಳಿಗೆ ಇದೇ ಸರಿಯಾದ ಅಳತೆಗೋಲು.

ಅನಂತ ಆಯಾಮದಲ್ಲೂ ನಡೆಯುತ್ತಾ?

ನಡೆಯುತ್ತದೆ. 1934ರಲ್ಲಿ ಲೆರೇ ಮತ್ತು ಶೌಡರ್ ಮಾಡಿದ್ದೇ ಇಲ್ಲೂ ದಾರಿ: ಮ್ಯಾಪ್ ಅಂದರೆ ‘ಇದ್ದಲ್ಲೇ ಬಿಡುವುದು − ಕಾಂಪ್ಯಾಕ್ಟ್ ಭಾಗ’ ಆಗಿರಬೇಕು. ಆಗ ಸೀಮಿತ ಆಯಾಮದ ಜಾಗಗಳಿಂದ ಹತ್ತಿರ ಹೋಗಬಹುದು. ಆ ಜಾಗಗಳನ್ನು ಸಮ್ಮಿತಿಗೆ ಹೊಂದುವಂತೆ ಆರಿಸಬೇಕು, ಅಷ್ಟೇ ಹೊಸದು. ಗ್ರೂಪ್ ಕಾಂಪ್ಯಾಕ್ಟ್ ಇರುವುದರಿಂದ ಗ್ರೂಪಿನ ಮೇಲೆ ಸರಾಸರಿ ತೆಗೆದು ಯಾವ ಅಂದಾಜನ್ನೂ ಸಮ್ಮಿತಿ ಕಾಯುವಂತೆ ಮಾಡಬಹುದು.

ಕೈಯಲ್ಲಿ ಲೆಕ್ಕ ಹಾಕೋಕೆ ಆಗುತ್ತಾ, ಇಲ್ಲ ಕಂಪ್ಯೂಟರ್ ಬೇಕಾ?

ಚಿಕ್ಕ ಗ್ರೂಪ್‌ಗಳಿಗೆ ಕೈಯೇ ಸಾಕು. ದೊಡ್ಡ ಉಪಗ್ರೂಪಿನಿಂದ ಚಿಕ್ಕದಕ್ಕೆ ಇಳಿಯಿರಿ. ಪ್ರತಿ ಹೆಜ್ಜೆಯಲ್ಲೂ ಆ ಉಪಗ್ರೂಪಿನ ಸ್ಥಿರ ಜಾಗದ ಡಿಗ್ರಿ ತೆಗೆದುಕೊಳ್ಳಿ. ಈಗಾಗಲೇ ಸಿಕ್ಕ ಕಕ್ಷೆಗಳು ಅಲ್ಲಿ ಎಷ್ಟು ಬಿಂದು ಇಟ್ಟಿವೆಯೋ ಅಷ್ಟನ್ನು ಕಳೆಯಿರಿ. ಉಳಿದದ್ದನ್ನು, ಈ ಬಗೆಯ ಒಂದು ಕಕ್ಷೆ ಅಲ್ಲಿ ಎಷ್ಟು ಬಿಂದು ಇಡುತ್ತದೋ ಅದರಿಂದ ಭಾಗಿಸಿ. ತ್ರಿಭುಜದ ಸಮ್ಮಿತಿಯಲ್ಲಿ ಇಡೀ ಗ್ರೂಪ್, ತಿರುಗುವಿಕೆ, ಕನ್ನಡಿ, ಏನೂ ಇಲ್ಲದ್ದು ಅನ್ನುವ ಕ್ರಮಕ್ಕೆ ಭಾಜಕಗಳು 1, 2, 1, 6. ಮ್ಯಾಪ್ ರೇಖೀಯ ಆದರೆ ಡಿಗ್ರಿ ಹುಡುಕುವುದೂ ಸುಲಭ. ಸ್ಥಿರ ಜಾಗದಲ್ಲಿ ಋಣ ಐಗನ್‌ ಮೌಲ್ಯಗಳು (ಮ್ಯಾಪ್ ತನ್ನದೇ ಗೆರೆಯ ಮೇಲೆ ಉಳಿಸುವ ದಿಕ್ಕುಗಳನ್ನು ಎಷ್ಟು ಪಟ್ಟು ಮಾಡುತ್ತದೋ ಆ ಸಂಖ್ಯೆಗಳು) ಎಷ್ಟಿವೆ ಎಣಿಸಿ. ಸಮ ಆದರೆ 1, ಬೆಸ ಆದರೆ −1.

ಗ್ರೂಪ್ ದೊಡ್ಡದಾದರೆ ಉಪಗ್ರೂಪ್‌ಗಳ ಪಟ್ಟಿಯೇ ಉದ್ದ ಆಗುತ್ತದೆ. ಆಗ ಗ್ಯಾಪ್ ಅನ್ನುವ ಉಚಿತ ತಂತ್ರಾಂಶ ಬಳಸಿ. ಯಾವ ಕಕ್ಷೆ ಯಾವ ಸ್ಥಿರ ಜಾಗದಲ್ಲಿ ಎಷ್ಟು ಬಿಂದು ಇಡುತ್ತದೆ ಅನ್ನುವ ಕೋಷ್ಟಕಗಳು ಅದರಲ್ಲಿ ಸಿದ್ಧವಾಗಿವೆ.

ಭಾಗಾಕಾರದಲ್ಲಿ ಶೇಷ ಉಳಿದರೆ ಅಲ್ಲೇ ನಿಲ್ಲಿ. ಎಲ್ಲೋ ತಪ್ಪಾಗಿದೆ ಅಂತಲೇ ಅರ್ಥ. ಎಂಟು ಸಮ್ಮಿತಿಯ ಚೌಕದ ಲೆಕ್ಕದಲ್ಲಿ ನನಗೆ ಒಮ್ಮೆ ಕೊನೆಯ ಹೆಜ್ಜೆಯಲ್ಲಿ 4 ಉಳಿಯಿತು, ಭಾಗಿಸಬೇಕಿದ್ದದ್ದು 8ರಿಂದ. ಹುಡುಕಿದಾಗ ಗೊತ್ತಾಯಿತು: ಅಂಚುಗಳ ನಡುವೆ ಹೋಗುವ ಕನ್ನಡಿಗಳನ್ನೂ ಮೂಲೆಗಳ ಮೂಲಕ ಹೋಗುವ ಕನ್ನಡಿಗಳನ್ನೂ ಒಂದೇ ಬಗೆ ಅಂತ ಸೇರಿಸಿ ಎಣಿಸಿದ್ದೆ. ಅವು ಎರಡು ಬೇರೆ ಬಗೆ. ಬೇರ್ಪಡಿಸಿದ ಕೂಡಲೇ ಭಾಗಾಕಾರ ಸರಿಯಾಗಿ ಹೋಯಿತು.